ಎಕಾತರೀನಾ ವೆಲಿಕಾ: ಈ ಬ್ಯಾಂಡು ಯಾವ ದೇಶದ್ದು?

ಹಳೇಟೇಪು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದಕ್ಕೇ ಬರೆದಿದ್ದೇನೆ. ಕಾಫಿ ಹಿಡಿದುಕೊಂಡು ಕೂತರೆ ಒಳ್ಳೆಯದು.

ನಮ್ಮ ಪ್ರಾಜೆಕ್ಟಿನಲ್ಲಿ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡಿನಿಂದ ಕೆಲಸ ಮಾಡುವವರು ಒಬ್ಬರಿದ್ದಾರೆ. ಮೀಟಿಂಗಿಗೆ ಎಲ್ಲರೂ ಸೇರುವ ತನಕ ಏನಾದರೂ ಹರಟುತ್ತಿರುತ್ತೇವೆ. ಒಂದು ದಿನ ನನ್ನ ಹಿಂದಿನ ಗೋಡೆಯಲ್ಲಿ ನೇತುಹಾಕಿದ್ದ ಗಿಟಾರ್ ನೋಡಿ ‘ಎಕಾವೆ ಗೊತ್ತಾ?’ ಅಂದರು. ಯಾವುದೋ ಸಾಫ್ಟ್‌ವೇರ್ ಇರಬೇಕು ಅಂದುಕೊಂಡು ಗೊತ್ತಿಲ್ಲ ಅಂದೆ. ನೋಡಿದರೆ ಅದು ಬ್ಯಾಂಡು. ಪೂರ್ತಿ ಹೆಸರು ಎಕಾತರೀನಾ ವೆಲಿಕಾ. ಅಲ್ಲಿಯವರು ಚಿಕ್ಕದಾಗಿ ಎಕಾವೆ ಅನ್ನುತ್ತಾರೆ. ಅವತ್ತು ರಾತ್ರಿ ಅವರು ಒಂದು ಹಾಡು ಕಳಿಸಿದರು. ‘ಪಾರ್ ಗೊದಿನಾ ಜಾ ನಾಸ್’, 1989ರದ್ದು. ಒಂದು ಪದವೂ ಅರ್ಥವಾಗಲಿಲ್ಲ. ಆದರೂ ನಾಲ್ಕು ಸಲ ಕೇಳಿದೆ. ಹೆಂಡತಿ ಬಂದು ‘ಇದೇನು, ಯಾರಿಗಾದರೂ ಏನಾದರೂ ಆಯ್ತಾ?’ ಅಂತ ಕೇಳಿದಳು. ಅಂಥ ಹಾಡು.

ಆಮೇಲೆ ಒಂದು ತಿಂಗಳು ಇದರ ಹಿಂದೆಯೇ ಬಿದ್ದೆ. ತಿಳಿದಷ್ಟು ಹೇಳುತ್ತೇನೆ. ತಪ್ಪಿದ್ದರೆ ತಿದ್ದಿ.

ಕಥೆ ಶುರುವಾಗುವುದು 1980ರಲ್ಲಿ. ಬೆಲ್‌ಗ್ರೇಡಿನಲ್ಲಿ ಮೂವರು ಹುಡುಗರು ಶಾರ್ಲೊ ಅಕ್ರೊಬಾತಾ ಅಂತ ಒಂದು ಬ್ಯಾಂಡು ಕಟ್ಟಿದರು. ಗಿಟಾರ್ ಮತ್ತು ಹಾಡಿಗೆ ಮಿಲಾನ್ ಮ್ಲಾದೆನೊವಿಚ್. ಬೇಸ್ ಗಿಟಾರಿಗೆ ದುಶಾನ್ ಕೋಯಿಚ್, ಎಲ್ಲರ ಬಾಯಲ್ಲಿ ಕೋಯಾ. ಡ್ರಮ್ಸಿಗೆ ಇವಾನ್ ವ್ದೊವಿಚ್. ಬ್ಯಾಂಡಿನ ಹೆಸರು ಎಲ್ಲಿಂದ ಬಂತು ಗೊತ್ತಾ? ಎರಡನೇ ಮಹಾಯುದ್ಧಕ್ಕೂ ಮುಂಚೆ ಅಲ್ಲಿಯ ಜನ ಚಾರ್ಲಿ ಚಾಪ್ಲಿನ್ನನನ್ನು ಕರೆಯುತ್ತಿದ್ದದ್ದೇ ಹಾಗೆ. 1981ರಲ್ಲಿ ಇವರು, ಇದೊಲಿ, ಎಲೆಕ್ತ್ರಿಚ್ನಿ ಒರ್ಗಜಮ್ ಮೂರೂ ಬ್ಯಾಂಡುಗಳ ಹಾಡು ಸೇರಿಸಿ ‘ಪಾಕೆತ್ ಅರಾಂಜ್ಮಾನ್’ ಅನ್ನುವ ರೆಕಾರ್ಡ್ ಬಂತು. ಪ್ಯಾಕೇಜ್ ಟೂರ್ ಇರುತ್ತದಲ್ಲ, ಅದೇ ಅರ್ಥ. ಅಲ್ಲಿಯ ರಾಕ್ ಸಂಗೀತದ ಹೊಸ ಅಲೆಗೆ (ನ್ಯೂ ವೇವ್) ಬಾಗಿಲು ತೆಗೆದದ್ದು ಇದೇ ಅಂತ ಇವತ್ತಿಗೂ ಹೇಳುತ್ತಾರೆ. ಅದೇ ವರ್ಷ ಶಾರ್ಲೊದ ಸ್ವಂತ ಆಲ್ಬಂ ಬಂತು. ವರ್ಷ ಮುಗಿಯುವಷ್ಟರಲ್ಲಿ ಬ್ಯಾಂಡೂ ಮುಗಿದಿತ್ತು.

1982ರಲ್ಲಿ ಮಿಲಾನ್ ಹಳೇ ಗೆಳೆಯ ದ್ರಾಗೊಮಿರ್ ಮಿಹಾಯ್ಲೊವಿಚ್ ಜೊತೆ ಹೊಸ ಬ್ಯಾಂಡು ಶುರು ಮಾಡಿದ. ಈ ಗೆಳೆಯನನ್ನು ಎಲ್ಲರೂ ಗಾಗಿ ಅನ್ನುತ್ತಿದ್ದರು. ಇಬ್ಬರೂ ಶಾರ್ಲೊಗಿಂತ ಮುಂಚೆ ‘ಲಿಮುನೊವೊ ದ್ರ್ವೊ’, ಅಂದರೆ ನಿಂಬೆ ಮರ, ಅನ್ನುವ ತಂಡದಲ್ಲಿ ಒಟ್ಟಿಗೆ ಇದ್ದವರು. ಹೊಸ ಬ್ಯಾಂಡಿನ ಹೆಸರು ಕಾತರೀನಾ ದ್ರೂಗಾ, ಎರಡನೇ ಕ್ಯಾಥರೀನ್. ಡ್ರಮ್ಸಿಗೆ ಮತ್ತೆ ವ್ದೊವಿಚ್. ಕೀಬೋರ್ಡಿಗೆ ಮಾರ್ಗಿತಾ ಸ್ತೆಫಾನೊವಿಚ್. ಆಮೇಲೆ ಬೇಸ್ ಗಿಟಾರಿಗೆ ಬೊಯಾನ್ ಪೆಚಾರ್. ಮೊದಲ ಆಲ್ಬಂ 1984ರಲ್ಲಿ. ಅದು ಹೊರಬಂದ ಮೇಲೆ ಗಾಗಿಯೂ ಹೋದ, ವ್ದೊವಿಚ್ಚೂ ಹೋದ. ಹೋಗುವಾಗ ಗಾಗಿ ‘ಹೆಸರು ನನ್ನದು’ ಅಂತ ಹೆಸರನ್ನೂ ತೆಗೆದುಕೊಂಡು ಹೋದ.

ಉಳಿದವರು ಏನು ಮಾಡಿದರು? ಎರಡನೇ ಕ್ಯಾಥರೀನ್ ಅಂದರೆ ರಷ್ಯಾದ ರಾಣಿ ತಾನೆ? ಅದೇ ರಾಣಿಯ ಬಿರುದು ‘ಮಹಾನ್ ಕ್ಯಾಥರೀನ್’. ಅದನ್ನೇ ಇಟ್ಟುಕೊಂಡರು. ಎಕಾತರೀನಾ ವೆಲಿಕಾ. ರಾಣಿ ಅವಳೇ, ಬರೀ ಬೋರ್ಡು ಬದಲು. ಓದಿ ನಗು ತಡೆಯಲಾಗಲಿಲ್ಲ.

ಈಗ ನನ್ನ ಪ್ರಶ್ನೆ. ಎಲ್ಲಾ ಕಡೆ ಇದನ್ನು ‘ಸರ್ಬಿಯಾದ ಆಲ್ಟರ್ನೇಟಿವ್ ರಾಕ್ ಬ್ಯಾಂಡ್’ ಅಂತ ಬರೆಯುತ್ತಾರೆ. ಆದರೆ ಬೆಲ್‌ಗ್ರೇಡಿನ ಈ ಸಹೋದ್ಯೋಗಿ ಒಂದು ಸಲವೂ ಹಾಗೆ ಹೇಳಲಿಲ್ಲ. ‘ನಮ್ಮ ಬ್ಯಾಂಡು’ ಅಂದರು ಅಷ್ಟೆ. ನಮ್ಮ ಅಂದರೆ ಯಾರದು?

ಬೇಸ್‌ಬಾಬು

ಅಣ್ಣ, ಕೋಯಾನನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿರಲ್ಲ, ಅನ್ಯಾಯ! ಶಾರ್ಲೊ ಮುರಿದ ಮೇಲೆ ಅವನು ಕಟ್ಟಿದ್ದು ದಿಸಿಪ್ಲಿನಾ ಕಿಚ್ಮೆ. ‘ಬೆನ್ನುಮೂಳೆಯ ಶಿಸ್ತು’ ಅಂತ ಅರ್ಥ. ಗಿಟಾರ್ ಬೇಡವೇ ಬೇಡ ಅಂತ ಕೂತ ಆಸಾಮಿ. ಬೇಸನ್ನೇ ಡಿಸ್ಟಾರ್ಷನ್‌ಗೆ ಹಾಕಿ ಕಿರುಚಿಸಿದ. ನಾನು ಬೇಸ್ ಕಲಿಯುವಾಗ ಮೇಷ್ಟ್ರು ‘ಬೇಸ್ ಅಂದರೆ ಹಿಂದೆ ನಿಲ್ಲಬೇಕು ಕಣೋ’ ಅನ್ನುತ್ತಿದ್ದರು. ಅವರಿಗೆ ಇದನ್ನು ಕೇಳಿಸಿದೆ. ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ.

ಎಕಾವೆಯ ಪೆಚಾರ್ ಇದಕ್ಕೆ ಪೂರ್ತಿ ಉಲ್ಟಾ. ಅವನು ಕಿರುಚುವುದಿಲ್ಲ, ಹಾಡುತ್ತಾನೆ. 1985ರ ಆಲ್ಬಂ ಹಾಕಿಕೊಂಡು ಬರೀ ಬೇಸ್ ಕೇಳಿ ನೋಡಿ. ಗಿಟಾರ್ ಒಂದು ಕಡೆ ಮಿಣುಕುತ್ತಿರುತ್ತದೆ, ಕೀಬೋರ್ಡ್ ಮೇಲೆ ಚಪ್ಪರ ಹಾಕುತ್ತದೆ, ಹಾಡನ್ನು ಕೈ ಹಿಡಿದು ನಡೆಸುವುದು ಬೇಸು. ಶಾರ್ಲೊದಲ್ಲಿ ಒಟ್ಟಿಗಿದ್ದ ಕೋಯಾ, ಮಿಲಾನ್ ಬೇರೆಯಾದ ಮೇಲೆ ಒಬ್ಬ ಆ ಕಡೆ ಹೋದ, ಇನ್ನೊಬ್ಬ ಈ ಕಡೆ ಬಂದ. ಶಾರ್ಲೊ ಇಷ್ಟು ಬೇಗ ಯಾಕೆ ಮುರಿಯಿತು ಅಂತ ಯಾರೂ ಹೇಳಬೇಕಾಗಿಲ್ಲ. ಎರಡೂ ಬ್ಯಾಂಡನ್ನು ಪಕ್ಕಪಕ್ಕ ಕೇಳಿದರೆ ಸಾಕು.

ಸುಮ್ನೆ_ಓದುಗ

ಕ್ಷಮಿಸಿ, ಒಂದು ಮಾತು. ಇಲ್ಲಿ ಕನ್ನಡದ ಬ್ಯಾಂಡುಗಳ ಬಗ್ಗೆ ಪೋಸ್ಟ್ ಹಾಕಿದರೆ ಮೂರು ಕಾಮೆಂಟ್ ಬರುವುದಿಲ್ಲ. ನಾವು ಹೋಗಿ ಸರ್ಬಿಯಾದ ರಾಣಿ ಹೆಸರಿನ ಬ್ಯಾಂಡನ್ನು ಚರ್ಚೆ ಮಾಡಬೇಕಾ?

ಹಳೇಟೇಪು

ರಾಣಿ ರಷ್ಯಾದವಳು ಸರ್ 😀 ಕನ್ನಡದ ಬ್ಯಾಂಡುಗಳ ಬಗ್ಗೆ ನೀವು ಬರೆಯಿರಿ, ಮೊದಲ ಕಾಮೆಂಟ್ ನಂದೇ.

ಡ್ಯಾನ್ಯೂಬ್_ಅಕ್ಕ

ನಾನು ಕೆಲಸಕ್ಕೆ ಅಂತ ಮೂರು ವರ್ಷ ಬೆಲ್‌ಗ್ರೇಡಿನಲ್ಲಿದ್ದೆ. ಹಾಗಾಗಿ ಈ ಪ್ರಶ್ನೆಗೆ ಸುಮ್ಮನಿರಲು ಆಗುತ್ತಿಲ್ಲ.

ಮಿಲಾನ್ ಹುಟ್ಟಿದ್ದು 1958ರ ಸೆಪ್ಟೆಂಬರ್ 21ಕ್ಕೆ, ಜಾಗ್ರೆಬ್‌ನಲ್ಲಿ. ಈಗ ಅದು ಕ್ರೊಯೇಷಿಯಾದ ರಾಜಧಾನಿ. ಅಪ್ಪ ಸೈನ್ಯದ ಅಧಿಕಾರಿ, ಸರ್ಬ್. ಅಮ್ಮ ಕ್ರೊಯೇಷಿಯಾದವರು. ವರ್ಗಾವಣೆಯ ನೌಕರಿ ಇರುವ ಮನೆಯ ಮಕ್ಕಳ ಕಥೆ ನಮಗೆ ಗೊತ್ತಲ್ವಾ, ಹಾಗೇ. ಬಾಲ್ಯ ಸರಯೇವೊದಲ್ಲಿ. ಈಗ ಅದು ಬೋಸ್ನಿಯಾದ ರಾಜಧಾನಿ. ಬೆಲ್‌ಗ್ರೇಡಿಗೆ ಬಂದಾಗ ಹನ್ನೆರಡು ವರ್ಷ ಇರಬೇಕು. ಎಕಾವೆಯ ಮೊದಲ ಆಲ್ಬಂಗಳನ್ನು ಹೊರತಂದದ್ದು ಲ್ಯುಬ್ಲ್ಯಾನದ ಕಂಪನಿ. ಈಗ ಅದು ಸ್ಲೊವೇನಿಯಾ. 1987ರಲ್ಲಿ ಬಂದ ಲೈವ್ ಆಲ್ಬಂ ರೆಕಾರ್ಡ್ ಆದದ್ದು ಜಾಗ್ರೆಬ್‌ನ ಕುಲುಶಿಚ್ ಕ್ಲಬ್ಬಿನಲ್ಲಿ. ಆ ಆಲ್ಬಂನ ಹೆಸರೇ ತಮಾಷೆ, 1987 ಅಂತ ಬರೆದು ನಡುವೆ ಒಂದು ಡಾಲರ್ ಚಿಹ್ನೆ ತುರುಕಿದ್ದಾರೆ.

ಈಗ ಹೇಳಿ, ಯಾವ ದೇಶದ ಬ್ಯಾಂಡು? ಇವರು ಹಾಡುತ್ತಿದ್ದಾಗ ಇದೆಲ್ಲ ಒಂದೇ ದೇಶ, ಯುಗೊಸ್ಲಾವಿಯಾ. ಇವರಿಗೆ ಟೂರ್ ಅಂದರೆ ರಾತ್ರಿ ವ್ಯಾನಿನಲ್ಲಿ ಹೊರಟು ಬೆಳಗ್ಗೆ ಇನ್ನೊಂದು ಊರು. ಈಗ ಅದೇ ದಾರಿಗೆ ಪಾಸ್‌ಪೋರ್ಟ್ ಬೇಕು. ನಾನು ಬೆಲ್‌ಗ್ರೇಡಿನಿಂದ ಜಾಗ್ರೆಬ್‌ಗೆ ಬಸ್ಸಿನಲ್ಲಿ ಹೋದಾಗ ಗಡಿಯಲ್ಲಿ ಎಲ್ಲರನ್ನೂ ಇಳಿಸಿ ಸಾಲಾಗಿ ನಿಲ್ಲಿಸಿದರು. ನನ್ನ ಮುಂದೆ ಇದ್ದ ಅಜ್ಜಿ ಪಾಸ್‌ಪೋರ್ಟಿನಿಂದ ಗಾಳಿ ಬೀಸಿಕೊಳ್ಳುತ್ತಾ ‘ಮೊದಲು ಇಲ್ಲಿ ಬರೀ ಜೋಳದ ಹೊಲ ಇತ್ತು’ ಅಂದರು. ನನ್ನ ಅರೆಬರೆ ಸರ್ಬಿಯನ್‌ಗೆ ಅರ್ಥವಾದದ್ದು ಅಷ್ಟು.

ಬೆಲ್‌ಗ್ರೇಡಿನಲ್ಲಿ ದೋಮ್ ಒಮ್ಲಾದಿನೆ, ಅಂದರೆ ಯುವಜನರ ಭವನ ಅಂತ ಒಂದು ಕಟ್ಟಡ ಇದೆ. ಅದರ ಎದುರಿನ ಬಯಲಿಗೆ ಈಗ ಮಿಲಾನನ ಹೆಸರು. ದೊಡ್ಡ ಸ್ಮಾರಕ ಏನಲ್ಲ. ನಾನು ಹೋದ ಸಂಜೆ ಇಬ್ಬರು ಹುಡುಗರು ಸ್ಕೇಟ್‌ಬೋರ್ಡ್ ಮಾಡುತ್ತಿದ್ದರು, ಒಬ್ಬಳು ಮೆಟ್ಟಿಲ ಮೇಲೆ ಕೂತು ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಿದ್ದಳು. ಹೆಸರಿನ ಫಲಕ ಹುಡುಕಲು ನನಗೆ ಹತ್ತು ನಿಮಿಷ ಬೇಕಾಯ್ತು.

ನಿವೃತ್ತ_ಮೇಷ್ಟ್ರು

ಈ ರಾಕ್ ಗೀಕ್ ನನಗೆ ತಿಳಿಯದು. ಮೊಮ್ಮಗಳು ಈ ಚರ್ಚೆ ತೋರಿಸಿದಳು. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು ನಾನು, ಯುಗೊಸ್ಲಾವಿಯಾ ಅಂದರೆ ಕಿವಿ ನೆಟ್ಟಗಾಗುತ್ತದೆ. 1961ರ ಸೆಪ್ಟೆಂಬರಿನಲ್ಲಿ ಅಲಿಪ್ತ ರಾಷ್ಟ್ರಗಳ ಮೊದಲ ಶೃಂಗಸಭೆ ನಡೆದದ್ದು ಇದೇ ಬೆಲ್‌ಗ್ರೇಡಿನಲ್ಲಿ. ನೆಹರು, ಟಿಟೊ, ನಾಸರ್, ಸುಕರ್ಣೊ, ಎನ್‌ಕ್ರುಮಾ. ಐದು ಹೆಸರು ಬಾಯಿಪಾಠ ಮಾಡಿಸುತ್ತಿದ್ದೆ. ಪರೀಕ್ಷೆಯಲ್ಲಿ ಮಕ್ಕಳು ಒಂದಾದರೂ ಬಿಟ್ಟೇ ಬಿಡುತ್ತಿದ್ದರು.

ಯುಗೊಸ್ಲಾವಿಯಾದ ಅಧ್ಯಕ್ಷ ಟಿಟೊ ತೀರಿಕೊಂಡದ್ದು 1980ರ ಮೇ 4ಕ್ಕೆ. ನಿಮ್ಮ ಶಾರ್ಲೊ ಬ್ಯಾಂಡು ಶುರುವಾದ ವರ್ಷವೂ ಅದೇ, ಗಮನಿಸಿ. ಮನೆಯ ಯಜಮಾನ ಹೋದ ಮೇಲೆ ಮಕ್ಕಳು ಸ್ವಲ್ಪ ಜೋರಾಗಿ ಮಾತಾಡುತ್ತಾರಲ್ಲ, ಹಾಗೆ. ಆದರೆ ಅದು ಸೋವಿಯತ್ ಥರದ ಬಿಗಿ ಕಮ್ಯುನಿಸ್ಟ್ ದೇಶ ಆಗಿರಲಿಲ್ಲ. 1948ರಲ್ಲೇ ಸ್ಟಾಲಿನ್ ಜೊತೆ ಜಗಳವಾಡಿ ಹೊರಬಂದವರು. ಜನ ಹೊರದೇಶಕ್ಕೆ ಹೋಗಿ ಬರಬಹುದಿತ್ತು.

ಡ್ಯಾನ್ಯೂಬ್_ಅಕ್ಕ

ಮೇಷ್ಟ್ರೇ, ನಮಸ್ಕಾರ. ನೀವು ಹೇಳಿದ್ದು ಸರಿ. ಲಂಡನ್ನಿಗೆ ಹೋದವರು ಬರುವಾಗ ಹೊಸ ರೆಕಾರ್ಡ್ ತರುತ್ತಿದ್ದರು. ರಾಕ್ ಸಂಗೀತ ಅಲ್ಲಿ ಕದ್ದುಮುಚ್ಚಿ ನಡೆಸುವಂಥದ್ದು ಆಗಿರಲಿಲ್ಲ, ರೆಕಾರ್ಡ್ ಕಂಪನಿಗಳೇ ಸಮಾಜದ ಆಸ್ತಿ. ಬೆಲ್‌ಗ್ರೇಡಿನ ವಿದ್ಯಾರ್ಥಿ ಸಾಂಸ್ಕೃತಿಕ ಕೇಂದ್ರ ಅಂತ ಒಂದಿದೆ, 1968ರ ವಿದ್ಯಾರ್ಥಿ ಚಳವಳಿಯ ನಂತರ ವಿದ್ಯಾರ್ಥಿಗಳಿಗೆ ಅಂತ ಸಿಕ್ಕ ಕಟ್ಟಡ. ಈ ಹೊಸ ಅಲೆಯವರೆಲ್ಲ ಅಲ್ಲೇ ಬಿದ್ದಿರುತ್ತಿದ್ದರು. ನೆಹರು ಹೆಸರಿನ ರಸ್ತೆಯೂ ಇದೆ, ಹೊಸ ಬೆಲ್‌ಗ್ರೇಡಿನಲ್ಲಿ.

ಕೀಬೋರ್ಡ್_ಕಾವ್ಯ

ಇಷ್ಟು ಹೊತ್ತು ಎಲ್ಲರೂ ಗಂಡಸರ ಬಗ್ಗೆಯೇ ಬರೆದಿರಿ. ಮಾರ್ಗಿತಾಗೆ ಅರ್ಧ ಸಾಲು! ‘ಕೀಬೋರ್ಡಿಗೆ ಮಾರ್ಗಿತಾ’ ಅಂತೆ.

ನಾನು ಎಂಟು ವರ್ಷ ಪಿಯಾನೊ ಕಲಿತವಳು. ಆಮೇಲೆ ಕಾಲೇಜು ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸಿದೆ. ಅಲ್ಲಿ ನನ್ನ ಕೆಲಸ ಏನು ಗೊತ್ತಾ? ಗಿಟಾರಿನ ಹುಡುಗರು ಸೋಲೊ ಹೊಡೆಯುವಾಗ ಹಿಂದೆ ಒಂದೇ ಕಾರ್ಡ್ ಒತ್ತಿ ಹಿಡಿದುಕೊಂಡಿರುವುದು. ಬಟ್ಟೆ ಒಣಗಿಸಲು ಹಗ್ಗ ಹಿಡಿದು ನಿಂತ ಹಾಗೆ. ಎಕಾವೆ ಕೇಳಿದಾಗ ಮೊದಲು ಬಂದದ್ದು ಖುಷಿಯಲ್ಲ, ಸಿಟ್ಟು. ಹೀಗೂ ಮಾಡಬಹುದಿತ್ತಲ್ಲ ಅಂತ.

ಮಾರ್ಗಿತಾ ಹುಟ್ಟಿದ್ದು 1959ರ ಏಪ್ರಿಲ್ 1ಕ್ಕೆ. ಅಪ್ಪ ಟೀವಿ ನಿರ್ದೇಶಕ. ಅವಳು ಶಾಸ್ತ್ರೀಯವಾಗಿ ಪಿಯಾನೊ ಕಲಿತಳು. ಆದರೆ ಕಾಲೇಜಿನಲ್ಲಿ ಓದಿದ್ದು ಆರ್ಕಿಟೆಕ್ಚರ್, ಡಿಗ್ರಿಯೂ ಮುಗಿಸಿದಳು. ಅದು ಅವಳ ನುಡಿಸುವಿಕೆಯಲ್ಲಿ ಕೇಳುತ್ತದೆ ಅಂತ ನನ್ನ ಹಠ. ಎಲ್ಲಿ ಕಂಬ ಬೇಕು, ಎಲ್ಲಿ ಕಿಟಕಿ ಬಿಡಬೇಕು ಅಂತ ಗೊತ್ತಿರುವವರ ಕೈ ಅದು. ತುಂಬಾ ಸ್ವರ ಇರುವುದಿಲ್ಲ. ‘ಓಚಿ ಬೊಯೆ ಮೆದಾ’ ಕೇಳಿ, 1985ರದ್ದು. ಕೀಬೋರ್ಡ್ ಅಲ್ಲಿ ಅಲಂಕಾರಕ್ಕಲ್ಲ, ಅದನ್ನು ತೆಗೆದರೆ ಹಾಡೇ ಕೂತುಬಿಡುತ್ತದೆ.

ಈ ಹಾಡಿನ ಹೆಸರಿಗೆ ‘ಜೇನಿನ ಬಣ್ಣದ ಕಣ್ಣು’ ಅಂತ ಅರ್ಥ. ಮೆದ್ ಅಂದರೆ ಜೇನು. ನಮ್ಮ ಮಧು ಇದೆಯಲ್ಲ, ಅದರ ದಾಯಾದಿಯೇ ಈ ಮೆದ್. ಸಂಸ್ಕೃತವೂ ಸ್ಲಾವ್ ಭಾಷೆಗಳೂ ಒಂದೇ ಬೇರಿನವು, ಹಾಗಾಗಿ. ಇದು ಗೊತ್ತಾದ ದಿನದಿಂದ ಆ ಹಾಡು ನನಗೆ ಅಷ್ಟು ಪರದೇಶಿ ಅನ್ನಿಸುತ್ತಿಲ್ಲ.

ಬೇಸ್‌ಬಾಬು

ಕಾವ್ಯ ಅವರೇ, ಗಿಟಾರಿನ ಹುಡುಗರ ಪರವಾಗಿ ಕ್ಷಮೆ ಕೇಳುತ್ತಿದ್ದೇನೆ. ಬೇಸಿನವರೂ ಹಗ್ಗ ಹಿಡಿದೇ ನಿಂತಿದ್ದೆವು, ಇನ್ನೊಂದು ತುದಿಯಲ್ಲಿ.

ಡ್ರಮ್ಮರ್‌ಗಳ ಲೆಕ್ಕ ಯಾರಾದರೂ ಇಟ್ಟಿದ್ದೀರಾ? ವ್ದೊವಿಚ್ ಹೋದ ಮೇಲೆ ಇವಾನ್ ಫೆತ್ಸೆ ಬಂದ. ನೊವಿ ಸಾದ್‌ನ ಲೂನಾ ಬ್ಯಾಂಡಿನಲ್ಲಿದ್ದವನು. ಆಮೇಲೆ ಸ್ರ್ಜಾನ್ ತೊದೊರೊವಿಚ್, ಮುಂದೆ ಸಿನಿಮಾದಲ್ಲಿ ದೊಡ್ಡ ನಟನಾದ. ಕೊನೆಗೆ ಮಾರ್ಕೊ ಮಿಲಿವೊಯೆವಿಚ್. ನಡುವೆ ಇನ್ನೂ ಕೆಲವರು ಬಂದು ಹೋದರು. ಮಿಲಾನ್, ಮಾರ್ಗಿತಾ ಇಬ್ಬರೇ ಕೊನೆಯವರೆಗೆ.

ಸುಮ್ನೆ_ಓದುಗ

ಸರಿ, ಬೈಕೊಂಡೇ ಕೇಳಿದೆ. ಚೆನ್ನಾಗಿದೆ, ಒಪ್ಪಿಕೊಳ್ಳುತ್ತೇನೆ. ಆದರೆ ಓದುತ್ತಾ ಹೋದರೆ ಮೈ ಜುಮ್ ಅನ್ನುತ್ತದಲ್ರೀ. ವ್ದೊವಿಚ್ 1992ರಲ್ಲಿ ತೀರಿಕೊಂಡ. ಮಿಲಾನ್ 1994ರಲ್ಲಿ, ಬರೀ 36 ವರ್ಷ. ಪೆಚಾರ್ 1998ರಲ್ಲಿ. ಮಾರ್ಗಿತಾ 2002ರಲ್ಲಿ. ಅದೂ 1989ರಲ್ಲೇ ‘ಪಾರ್ ಗೊದಿನಾ ಜಾ ನಾಸ್’, ಅಂದರೆ ‘ನಮಗೆ ಇನ್ನು ಕೆಲವೇ ವರ್ಷ’ ಅಂತ ಹಾಡು ಬರೆದಿದ್ದಾರೆ! ಎರಡು ವರ್ಷಕ್ಕೆ ದೇಶವೂ ಹೋಯಿತು, ಐದು ವರ್ಷಕ್ಕೆ ಹಾಡಿದವನೂ ಹೋದ. ಇದು ಶಾಪ ಅಲ್ಲದೆ ಇನ್ನೇನು? ಅವನಿಗೆ ಮೊದಲೇ ಗೊತ್ತಿತ್ತು ಅನ್ನಿಸುತ್ತದೆ.

ಡ್ಯಾನ್ಯೂಬ್_ಅಕ್ಕ

ಈ ಶಾಪದ ಮಾತು ಮಾತ್ರ ದಯವಿಟ್ಟು ಬೇಡ. ಅಲ್ಲಿಯೂ ಇದನ್ನು ಕೇಳಿ ಕೇಳಿ ಸಾಕಾಗಿದೆ.

ಮಿಲಾನ್ ಸತ್ತದ್ದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಿಂದ. 1994ರ ಆಗಸ್ಟಿನಲ್ಲಿ ಸಮುದ್ರದ ದಂಡೆಯ ಬುದ್ವಾ ಊರಿನಲ್ಲಿ ಕಾರ್ಯಕ್ರಮ ಕೊಟ್ಟ. ಅದಾದ ಕೂಡಲೇ ಕಾಯಿಲೆ ಗೊತ್ತಾಯಿತು. ನವೆಂಬರ್ 5ಕ್ಕೆ ಹೋದ. ಮೂರು ತಿಂಗಳೂ ಇಲ್ಲ. ಪೆಚಾರ್ 1990ರಲ್ಲೇ ಬ್ಯಾಂಡು ಬಿಟ್ಟು ಲಂಡನ್ನಿಗೆ ಹೋಗಿದ್ದ, ಅಲ್ಲಿ ಹೃದಯಾಘಾತವಾಯಿತು. ಮಾರ್ಗಿತಾ, ವ್ದೊವಿಚ್ ಕಥೆಗಳು ಬೇರೆ. ಆ ಕಾಲದ ಬೆಲ್‌ಗ್ರೇಡಿನಲ್ಲಿ ಹೆರಾಯಿನ್ ಎಷ್ಟು ಮನೆ ಹಾಳು ಮಾಡಿತು ಅಂತ ಅಲ್ಲಿಯ ಐವತ್ತು ದಾಟಿದ ಯಾರನ್ನಾದರೂ ಕೇಳಿ, ಒಂದಿಬ್ಬರು ಕ್ಲಾಸ್‌ಮೇಟ್‌ಗಳ ಹೆಸರು ಹೇಳುತ್ತಾರೆ. ಒಂದೊಂದು ಸಾವಿಗೂ ಒಂದೊಂದು ಕಾರಣ ಇದೆ. ಎಲ್ಲವನ್ನೂ ಒಂದೇ ಚೀಲಕ್ಕೆ ಹಾಕಿ ಶಾಪ ಅಂದರೆ, ಅವರು ಬದುಕಿದ್ದಾಗ ಮಾಡಿದ ಕೆಲಸ ಕಾಣಿಸದೆ ಹೋಗುತ್ತದೆ.

ಇನ್ನು ಆ ಹಾಡು. ‘ಪಾರ್’ ಅಂದರೆ ಜೋಡಿ. ‘ಪಾರ್ ಗೊದಿನಾ’ ಅಂದರೆ ನಾವು ‘ಒಂದೆರಡು ವರ್ಷ’ ಅನ್ನುತ್ತೇವಲ್ಲ, ಸರಿಯಾಗಿ ಅದೇ. ಲೆಕ್ಕ ಇಟ್ಟು ಹೇಳುವ ಮಾತಲ್ಲ. ‘ಒಂದೆರಡು ವರ್ಷ ಇರಲಿ ಬಿಡು, ಆಮೇಲೆ ನೋಡೋಣ’ ಅಂತ ಹೇಳುವಾಗ ನಾವು ಭವಿಷ್ಯ ನುಡಿಯುತ್ತಿರುತ್ತೇವಾ? 1991ರಲ್ಲಿ ದೇಶ ಒಡೆದು ಯುದ್ಧ ಆಗಿರದಿದ್ದರೆ ಇದನ್ನು ಪ್ರೀತಿಯ ಹಾಡು ಅಂತಲೇ ಕೇಳುತ್ತಿದ್ದೆವು.

ನಿವೃತ್ತ_ಮೇಷ್ಟ್ರು

ಅಮ್ಮಾ, ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಭವಿಷ್ಯ ಗೊತ್ತಿರಲಿಲ್ಲ, ಸರಿ. ಆದರೆ 1989ರಲ್ಲಿ ಪತ್ರಿಕೆ ಓದುವ ಯಾರಿಗೂ ಏನೂ ಗೊತ್ತಿರಲಿಲ್ಲ ಅಂತಲೂ ಅಲ್ಲ. ಬೆಲೆ ಏರುತ್ತಿತ್ತು, ಸಾಲ ಬೆಳೆದಿತ್ತು, ಒಂದೊಂದು ಗಣರಾಜ್ಯದವರೂ ಬೇರೆಬೇರೆ ಮಾತಾಡುತ್ತಿದ್ದರು. ಗೋಡೆ ಬಿರುಕು ಬಿಡುವಾಗ ಮನೆಯವರಿಗೆ ಸದ್ದು ಕೇಳುತ್ತದೆ. ಕವಿಗೆ ಸ್ವಲ್ಪ ಮುಂಚೆ ಕೇಳುತ್ತದೆ. ಅಷ್ಟೇ.

ಹಳೇಟೇಪು

ನನ್ನ ಸಹೋದ್ಯೋಗಿ ಹೇಳಿದ್ದು ಇಲ್ಲಿ ಹಾಕುತ್ತೇನೆ. ಅವರಿಗೆ 1989ರಲ್ಲಿ ಹದಿನೇಳು ವರ್ಷ. ‘ಆಗ ಆ ಹಾಡು ಕೇಳಿ ಅಳುತ್ತಿದ್ದದ್ದು ಒಬ್ಬ ಹುಡುಗನಿಗಾಗಿ. ದೇಶಕ್ಕಾಗಿ ಅಂತ ಆಮೇಲೆ ಸೇರಿಸಿಕೊಂಡೆವು’ ಅಂದರು. 2006ರಲ್ಲಿ ಬೆಲ್‌ಗ್ರೇಡಿನ ಬಿ92 ರೇಡಿಯೊದವರು ಕೇಳುಗರಿಂದ ಮತ ಹಾಕಿಸಿ ಅಲ್ಲಿಯ ನೂರು ಹಾಡುಗಳ ಪಟ್ಟಿ ಮಾಡಿದಾಗ ಮೊದಲು ಬಂದದ್ದು ಇದೇ ಹಾಡು. ಹುಡುಗನಿಗೆ ಅತ್ತವರೂ ದೇಶಕ್ಕೆ ಅತ್ತವರೂ ಸೇರಿ ಮತ ಹಾಕಿರಬೇಕು.

ಡ್ಯಾನ್ಯೂಬ್_ಅಕ್ಕ

ಅವರಿಗೆ ನನ್ನ ನಮಸ್ಕಾರ ಹೇಳಿ. ಇಡೀ ಚರ್ಚೆಯಲ್ಲಿ ಇದಕ್ಕಿಂತ ಸರಿಯಾದ ಮಾತು ಬಂದಿಲ್ಲ.

ಯುದ್ಧದ ಕಾಲದಲ್ಲಿ ಇವರು ಏನು ಮಾಡುತ್ತಿದ್ದರು ಅನ್ನುವುದು ನನಗೆ ಜಾಸ್ತಿ ಮುಖ್ಯ. 1991ರ ಜೂನ್ 25ಕ್ಕೆ ಸ್ಲೊವೇನಿಯಾ, ಕ್ರೊಯೇಷಿಯಾ ಎರಡೂ ಸ್ವಾತಂತ್ರ್ಯ ಘೋಷಿಸಿದವು. ಮಿಲಾನ್ ಹುಟ್ಟಿದ ಊರು ಆ ಕಡೆ, ಅವನ ಮನೆ ಈ ಕಡೆ. ಮುಂದಿನ ವರ್ಷ ಅವನು ಬೆಳೆದ ಸರಯೇವೊಗೆ ಮುತ್ತಿಗೆ. ಆ 1991ರಲ್ಲೇ ಬಂದ ಆಲ್ಬಂನ ಹೆಸರು ‘ದುಮ್ ದುಮ್’. ಮೈಯೊಳಗೆ ಹೋಗಿ ಅರಳುವ ಬಂದೂಕಿನ ಗುಂಡಿಗೆ ದಮ್‌ದಮ್ ಅಂತ ಹೆಸರಿದೆಯಲ್ಲ, ಅದು.

ನಿವೃತ್ತ_ಮೇಷ್ಟ್ರು

ಆ ಗುಂಡಿನ ಹೆಸರು ನಮ್ಮ ಕಲ್ಕತ್ತಾದ ಹತ್ತಿರದ ದಮ್‌ದಮ್‌ನದು. ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆ ಅಲ್ಲಿತ್ತು. ಈಗ ಅಲ್ಲಿ ವಿಮಾನ ನಿಲ್ದಾಣ. ನೋಡಿ, ಎಲ್ಲಿಂದ ಎಲ್ಲಿಗೆ!

ಡ್ಯಾನ್ಯೂಬ್_ಅಕ್ಕ

ಅಯ್ಯೋ, ಇದು ಹೊಳೆದೇ ಇರಲಿಲ್ಲ ಮೇಷ್ಟ್ರೇ!

ಮುಂದುವರಿಸುತ್ತೇನೆ. 1992ರ ಮಾರ್ಚಿನಲ್ಲಿ ಎಕಾವೆ, ಪಾರ್ತಿಬ್ರೆಯ್ಕರ್ಸ್, ಎಲೆಕ್ತ್ರಿಚ್ನಿ ಒರ್ಗಜಮ್ ಮೂರೂ ಬ್ಯಾಂಡಿನವರು ಸೇರಿ ರಿಮ್ತುತಿತುಕಿ ಅಂತ ಒಂದು ತಂಡ ಮಾಡಿದರು. ಹೆಸರನ್ನು ಯಾವ ನಿಘಂಟಿನಲ್ಲೂ ಹುಡುಕಬೇಡಿ. ಒಂದು ಪೋಲಿ ಬೈಗುಳದ ಅಕ್ಷರಗಳನ್ನು ಹಿಂದುಮುಂದು ಮಾಡಿದ್ದು. ನನಗೆ ಬಿಡಿಸಿ ಹೇಳಿದ ಮನೆ ಓನರಮ್ಮ ಹೇಳಿ ಮುಗಿಸಿ ತಾವೇ ಕೆಂಪಾದರು. ಇವರು ಒಂದು ಲಾರಿಯ ಮೇಲೆ ಡ್ರಮ್ಸ್, ಆಂಪ್ಲಿಫೈಯರ್ ಎಲ್ಲ ಹೇರಿಕೊಂಡು ಬೆಲ್‌ಗ್ರೇಡಿನ ರಸ್ತೆಗಳಲ್ಲಿ ಯುದ್ಧ ಬೇಡ ಅಂತ ಹಾಡುತ್ತಾ ಸುತ್ತಿದರು. ‘ಮೀರ್, ಬ್ರಾತೆ, ಮೀರ್’ ಅಂದರೆ ‘ಶಾಂತಿ ಕಣಣ್ಣಾ, ಶಾಂತಿ’. ಗಣಪತಿ ಬಿಡುವ ಮೆರವಣಿಗೆಯಲ್ಲಿ ಲಾರಿ ಮೇಲೆ ಆರ್ಕೆಸ್ಟ್ರಾ ನಿಂತಿರುತ್ತದಲ್ಲ, ಫೋಟೊ ನೋಡಿದರೆ ಅದೇ ನೆನಪು ಬರುತ್ತದೆ. ಯುದ್ಧ ಏನೂ ನಿಲ್ಲಲಿಲ್ಲ. ಏಪ್ರಿಲಿಗೆ ಬೋಸ್ನಿಯಾಕ್ಕೂ ಹಬ್ಬಿತು.

ನಿವೃತ್ತ_ಮೇಷ್ಟ್ರು

ಆ ಕಾಲದ ಹಣದುಬ್ಬರ ನಾನು ಪಾಠದಲ್ಲಿ ಹೇಳುತ್ತಿದ್ದೆ. 1993ರಲ್ಲಿ 500 ಶತಕೋಟಿ ದಿನಾರಿನ ಒಂದೇ ನೋಟು ಅಚ್ಚಾಯಿತು. ಐದರ ಮುಂದೆ ಹನ್ನೊಂದು ಸೊನ್ನೆ. ಅದರ ಮೇಲೆ ಒಬ್ಬ ಕವಿಯ ಚಿತ್ರ, ಯೊವಾನ್ ಯೊವಾನೊವಿಚ್ ಜ್ಮಾಯ್. 1994ರ ಜನವರಿ ಒಂದೇ ತಿಂಗಳಲ್ಲಿ ಬೆಲೆ ಏರಿದ್ದು ಶೇಕಡಾ 31 ಕೋಟಿಗೂ ಹೆಚ್ಚು. ಮಕ್ಕಳು ನಂಬುತ್ತಿರಲಿಲ್ಲ.

ಕೀಬೋರ್ಡ್_ಕಾವ್ಯ

ಅಂಥ 1993ರಲ್ಲಿ ಕೂತು ಇವರು ಕೊನೆಯ ಆಲ್ಬಂ ಮಾಡಿದ್ದಾರೆ ಅಂದರೆ! ‘ನೆಕೊ ನಾಸ್ ಪೊಸ್ಮಾತ್ರಾ’, ‘ಯಾರೋ ನಮ್ಮನ್ನು ನೋಡುತ್ತಿದ್ದಾರೆ’. ಹೆಸರು ಕೇಳಿ ಭಯ ಆಗುವಂಥದ್ದು ಅಂದುಕೊಂಡಿದ್ದೆ. ಕೇಳಿದರೆ ‘ದುಮ್ ದುಮ್’ಗಿಂತ ಎಷ್ಟೋ ಹಗುರ. ಅದರಲ್ಲಿ ‘ಯಾದ್ರಾನ್ಸ್ಕೊ ಮೋರೆ’ ಅಂತ ಒಂದು ಹಾಡಿದೆ, ಏಡ್ರಿಯಾಟಿಕ್ ಸಮುದ್ರದ ಹೆಸರು ಅದು. ಆ ಕರಾವಳಿಯ ಹೆಚ್ಚಿನ ಭಾಗ ಆಗಲೇ ಕ್ರೊಯೇಷಿಯಾಕ್ಕೆ ಸೇರಿತ್ತು. ಬೇಸಿಗೆ ರಜೆಗೆ ಹೋಗುತ್ತಿದ್ದ ಸಮುದ್ರ ಬೇರೆ ದೇಶವಾದ ಮೇಲೆ ಅದರ ಬಗ್ಗೆ ಹಾಡುವುದು. ಕೋಪವೂ ಇಲ್ಲ, ಘೋಷಣೆಯೂ ಇಲ್ಲ. ನನಗೆ ಎಕಾವೆಯಲ್ಲಿ ಅತಿ ರಾಜಕೀಯದ ಹಾಡು ಅಂದರೆ ಇದೇ ಅನ್ನಿಸುತ್ತದೆ.

ಬೇಸ್‌ಬಾಬು

ನನಗೆ ಕೊನೆಯ ಆಲ್ಬಂ ಅಷ್ಟಕ್ಕಷ್ಟೇ. ಪೆಚಾರ್ ಇಲ್ಲದ ಎಕಾವೆ ಅಂದರೆ ಒಗ್ಗರಣೆ ಇಲ್ಲದ ಸಾರು. ನನ್ನ ಪ್ರಕಾರ 1986, 87 ಇವರ ಚಿನ್ನದ ಕಾಲ. ‘ಸ್ ವೆತ್ರೊಮ್ ಊಜ್ ಲೀತ್ಸೆ’, ಮುಖಕ್ಕೆ ಗಾಳಿ ಅಂತ. ಆಮೇಲೆ ‘ಲ್ಯೂಬಾವ್’, ಪ್ರೀತಿ. ‘ಲ್ಯೂಬಾವ್’ನಲ್ಲಿ ‘ಜೆಮ್ಲ್ಯಾ’ ಅಂತ ಒಂದು ಹಾಡಿದೆ. ಅಕ್ಕಾ, ಅದರ ಅರ್ಥ ಭೂಮಿ ಅಂತಲಾ, ದೇಶ ಅಂತಲಾ? ಒಬ್ಬೊಬ್ಬರು ಒಂದೊಂದು ಬರೆದಿದ್ದಾರೆ.

ಡ್ಯಾನ್ಯೂಬ್_ಅಕ್ಕ

ಮಣ್ಣು, ನೆಲ, ಭೂಮಿ, ದೇಶ ಎಲ್ಲಕ್ಕೂ ಅವರಿಗೆ ಅದೊಂದೇ ಪದ. ಇದು ನಮ್ಮೆಲ್ಲರಿಗಾಗಿ ಇರುವ ನೆಲ, ನಮ್ಮ ಮಕ್ಕಳ ನೆಲ ಅನ್ನುವ ಧಾಟಿಯ ಹಾಡು. ನಾನಾದರೆ ಕನ್ನಡಕ್ಕೆ ‘ನೆಲ’ ಅಂತ ಮಾಡುತ್ತೇನೆ. ‘ದೇಶ’ ಅಂದರೆ ಬಾವುಟ ಬಂದುಬಿಡುತ್ತದೆ.

ಸುಮ್ನೆ_ಓದುಗ

ನಾಡು?

ಡ್ಯಾನ್ಯೂಬ್_ಅಕ್ಕ

ಅದೂ ಚೆನ್ನಾಗಿದೆ. ಶಾಪ ಬಿಟ್ಟು ಅನುವಾದಕ್ಕೆ ಬಂದಿರಲ್ಲ, ಸಂತೋಷ.

ಬೇಸ್‌ಬಾಬು

ಇನ್ನೊಂದು ವಿಷಯ ಯಾರೂ ಎತ್ತಲಿಲ್ಲ, ಬ್ರೆಜಿಲ್! ನೊವಿ ಸಾದ್‌ನ ಮಿತಾರ್ ಸುಬೊತಿಚ್, ಸುಬಾ ಅಂತಲೇ ಹೆಸರುವಾಸಿ, 1990ರ ಹೊತ್ತಿಗೆ ಸಾವೊ ಪಾಲೊಗೆ ಹೋಗಿ ನೆಲೆಸಿದ್ದ. 1994ರಲ್ಲಿ ಮಿಲಾನ್ ಅವನ ಹತ್ತಿರ ಹೋಗಿ, ಅಲ್ಲಿಯ ವಾದ್ಯಗಾರರನ್ನು ಸೇರಿಸಿಕೊಂಡು ‘ಏಂಜಲ್ಸ್ ಬ್ರೆತ್’ ಅಂತ ಒಂದು ಆಲ್ಬಂ ಮಾಡಿದ. ಬ್ರೆಜಿಲಿನ ತಾಳ, ಮಿಲಾನನ ದನಿ. ಅವನ ಕೊನೆಯ ಕೆಲಸ ಅದು. ಬಿಸಿಲಿನಲ್ಲಿ ಕೂತು ಮಂಜಿನ ಊರನ್ನು ನೆನೆದ ಹಾಗಿದೆ. ಸುಬಾ 1999ರಲ್ಲಿ ಸ್ಟುಡಿಯೊಗೆ ಬೆಂಕಿ ಬಿದ್ದಾಗ ತೀರಿಕೊಂಡ, ರೆಕಾರ್ಡಿಂಗ್ ಉಳಿಸಲು ಹೋಗಿ. (ಓದುಗ ಸರ್, ಬಾಯಿ ತೆಗೆಯಬೇಡಿ.)

ಸುಮ್ನೆ_ಓದುಗ

ನಾನೇನೂ ಹೇಳಲಿಲ್ಲಪ್ಪ.

ಒಂದು ಕೇಳಬೇಕಿತ್ತು. ಹೊಸಬರು ಎಲ್ಲಿಂದ ಶುರು ಮಾಡಬೇಕು? ಮಗ ಗಿಟಾರ್ ಕಲಿಯುತ್ತಿದ್ದಾನೆ, ಅವನಿಗೆ.

ಕೀಬೋರ್ಡ್_ಕಾವ್ಯ

‘ಬೂದಿ ಸಾಮ್ ನಾ ಊಲಿತ್ಸಿ’ಯಿಂದ. ‘ಬೀದಿಯಲ್ಲಿ ಒಬ್ಬನೇ ಇರು’ ಅಂತ ಅರ್ಥ. ಹದಿನಾರು ವರ್ಷದವರಿಗೆ ತಕ್ಷಣ ಹಿಡಿಸುತ್ತದೆ. ಆಮೇಲೆ ‘ಲ್ಯೂದಿ ಇಜ್ ಗ್ರಾದೊವಾ’, ಆಮೇಲೆ ಜೇನುಗಣ್ಣು. ‘ಪಾರ್ ಗೊದಿನಾ’ ಕೊನೆಗೆ ಇರಲಿ. ಈಗಿನ ಸದ್ದು ಬೇಕು ಅಂದರೆ ರೆಪೆತಿತೊರ್ ಅಂತ ಬೆಲ್‌ಗ್ರೇಡಿನದ್ದೇ ಮೂವರ ಬ್ಯಾಂಡಿದೆ. ಡ್ರಮ್ಸ್, ಬೇಸ್ ಎರಡೂ ಹುಡುಗಿಯರದ್ದು. ಹಗ್ಗ ಹಿಡಿಯುವವರು ಯಾರೂ ಇಲ್ಲ.

ಹಳೇಟೇಪು

ಮೂರು ವಾರ ಬಿಟ್ಟು ಬಂದೆ. ಒಂದು ಸಮಾಚಾರ.

ಚರ್ಚೆಯ ಬಿಸಿಯಲ್ಲಿ ಹೊರದೇಶದ ಒಂದು ಆನ್‌ಲೈನ್ ಅಂಗಡಿಯಿಂದ ‘ಲ್ಯೂಬಾವ್’ ಎಲ್‌ಪಿ ತರಿಸಿದೆ. 1987ರದ್ದೇ. ಕಸ್ಟಮ್ಸ್‌ನವರು ಕೇಳಿದಷ್ಟು ಕಟ್ಟಿಯೂ ಆಯಿತು. ಬಿಚ್ಚಿ ನೋಡಿದರೆ ತೆಳು ರಟ್ಟಿನಲ್ಲಿ ಸುತ್ತಿ ಕಳಿಸಿದ್ದಾರೆ, ರೆಕಾರ್ಡ್ ಹಪ್ಪಳದ ಹಾಗೆ ಬಾಗಿದೆ. ಮೇಲ್ ಹಾಕಿದರೆ ‘ನಿಮ್ಮ ಊರಿನ ಬಿಸಿಲಿಗೆ ನಾವು ಹೊಣೆಯಲ್ಲ’ ಅನ್ನುವ ಅರ್ಥದ ಉತ್ತರ ಬಂತು. ಮೈಸೂರಿನಲ್ಲಿ ಡಿಸೆಂಬರ್ ಸ್ವಾಮಿ ಈಗ, ಸ್ವೆಟರ್ ಹಾಕಿಕೊಂಡು ಓದಿದೆ ಆ ಮೇಲನ್ನು.

ಅಪ್ಪ ‘ಅದಕ್ಕೇನು’ ಅಂತ ಎರಡು ಗಾಜಿನ ಹಲಗೆ ನಡುವೆ ರೆಕಾರ್ಡ್ ಇಟ್ಟು, ಮೇಲೆ ನಿಘಂಟಿನ ನಾಲ್ಕು ಸಂಪುಟ ಹೇರಿದರು. ಹತ್ತು ದಿನ ಹಾಗೇ ಬಿಟ್ಟೆವು. ನಿನ್ನೆ ತೆಗೆದು ಹಾಕಿದೆ. ಮೊದಲ ಹಾಡಿನಲ್ಲಿ ಮುಳ್ಳು ದೋಣಿಯ ಹಾಗೆ ಏಳುತ್ತಾ ಬೀಳುತ್ತಾ ಹೋಗುತ್ತದೆ, ಎರಡು ಕಡೆ ಎಗರುತ್ತದೆ. ಒಳಗೆ ಹೋದ ಹಾಗೆ ಸರಿಹೋಗುತ್ತದೆ.

ಲೇಬಲ್ಲಿನ ಫೋಟೊ ತೆಗೆದು ಸಹೋದ್ಯೋಗಿಗೆ ಕಳಿಸಿದೆ. ಲ್ಯುಬ್ಲ್ಯಾನ ಅಂತ ಅಚ್ಚಾಗಿದೆ. ‘ನಮ್ಮ ಮನೆಯಲ್ಲಿ ಇದ್ದದ್ದೂ ಇದೇ, ತಮ್ಮ ಅದರ ಮೇಲೆ ಕೂತು ಮುರಿದ’ ಅಂತ ಬರೆದರು. ಈಗ ನನ್ನದನ್ನು ಟೇಪಿಗೆ ಇಳಿಸಿ ಕಳಿಸಬೇಕಂತೆ, ಎಗರುವುದೂ ಸೇರಿಸಿ.

ಬೇಸ್‌ಬಾಬು

ನನಗೂ ಒಂದು ಕಾಪಿ ಅಣ್ಣ.